ತಂಗುದಾಣದ ನಾಮಫಲಕ

1905ರಲ್ಲಿ ಶಿಕಾಗೋ ನಗರದ ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಮಿತ್ರರೊಡನೆ ಆರಂಭಿಸಿ, ಸದಸ್ಯರ ಕಚೇರಿಗಳಲ್ಲಿ ಸರದಿಯಂತೆ ಕೂಡುತ್ತಿದ್ದ ಕಾರಣದಿಂದಲೇ ರೋಟರಿ ಎಂಬ ಅಭಿಧಾನವನ್ನು ಪಡೆದ ಆ ಸಂಸ್ಥೆಯನ್ನು ಕಂಡು ಊರೂರಿನಲ್ಲಿ ಹುಟ್ಟಿಕೊಂಡ ಸೇವಾಸಂಘಗಳಲ್ಲಿ ಕಾವೂರಿನ ನಮ್ಮದೂ ಒಂದು. ನಮ್ಮಲ್ಲಿ ಸರದಿಯೆಂಬುದು ಗೋಳಿಬಜೆಯ ವೆಚ್ಚಕ್ಕೆ ಮಾತ್ರ ಅನ್ವಯಿಸತಕ್ಕದ್ದು. ಪ್ರಕೃತ ವಾರದ ಸಭೆಯಲ್ಲಿ, ಬಜೆಯ ತಟ್ಟೆ ಬರಿದಾಗಿ ತೆಂಗಿನಕಾಯಿ ಚಟ್ನಿ ಮಾತ್ರ ಉಳಿದಾಗ, ಸೇವೆಯ ಪ್ರಸ್ತಾಪವು ಬಂದಿತು.

"ತಂಗುದಾಣ ಎಲ್ಲಿಗೆ ಬಂತು ಮಾರಾಯ್ರೆ?" ಎಂದರು ಅಧ್ಯಕ್ಷರು.

"ನಾಮಫಲಕ ಸಿದ್ಧವಾಗಿದೆ. ಹತ್ತು ಅಡಿ ಉದ್ದ. ನಡುವೆ ತಮ್ಮ ಭಾವಚಿತ್ರ."

"ತಂಗುದಾಣ?"

"ಅದು ಎಂಟು ಅಡಿ. ಆದರೆ ಫಲಕವನ್ನು ನಿಲ್ಲಿಸಿದರೆ, ಬಜಪೆಯ ಕಡೆಯಿಂದ ಬರುವ ಬಸ್ಸು ಒಳಗಿದ್ದವರಿಗೆ ಕಾಣಿಸದು."

"ಹೊರಗೆ ನಿಲ್ಲಲಿ. ಹೊರಗೆ ನಿಂತರಲ್ಲವೆ ಫಲಕ ಓದುವುದು?"

"ಆಟಿಯ ಮಳೆಗೆ ನೆನೆಯುವರಲ್ಲ!"

"ಹಾಗಾದರೆ ಕೊಡೆ ವಿತರಣೆ! ಬರೆದುಕೊಳ್ಳಿ. ಕೊಡೆಯ ಮೇಲೆ..."

"ಹೆಸರು ಮುದ್ರಿಸಲು ಹೇಳಿಯಾಗಿದೆ."

ಆಗ, ಪೋಲಿಯೊ ಅಭಿಯಾನದಲ್ಲಿ ಮನೆಮನೆ ಅಲೆದಿದ್ದ ಹಿರಿಯ ಸದಸ್ಯರೊಬ್ಬರು ಎದ್ದು, 2014ರಲ್ಲಿ ಭಾರತವು ಪೋಲಿಯೊಮುಕ್ತವೆಂದು ಪ್ರಮಾಣಿತವಾದಾಗ ಹನಿ ಹಾಕಿದವರ ಹೆಸರು ಯಾವ ಮಗುವಿನ ಹಣೆಯ ಮೇಲೂ ಇರಲಿಲ್ಲವೆಂದು ವಿನಯಪೂರ್ವಕವಾಗಿ ನಿವೇದಿಸಿದರು.

"ಅದೇ ಅಂದಿನವರ ದೂರದೃಷ್ಟಿಯ ಅಭಾವ," ಎಂದರು ಅಧ್ಯಕ್ಷರು. ಹಿರಿಯರ ಮಾತನ್ನು 'ಅಮೂಲ್ಯ ಸಲಹೆ' ಎಂದು ನಡವಳಿಯಲ್ಲಿ ದಾಖಲಿಸಿ, ಕಾರ್ಯದರ್ಶಿಗಳು ಮುಂದುವರಿದರು:

"ಬೆಂಚಿನ ದಾನಿಗಳದ್ದೊಂದು ತಕರಾರು. ಜನ ಕುಳಿತರೆ ಅವರ ಹೆಸರು ಮುಚ್ಚಿಹೋಗುತ್ತದಂತೆ."