ಒಂದು ಅಡ್ಡಗೆರೆ ದಯಪಾಲಿಸಿ

ಇಂದ: ಬನಹಟ್ಟಿಯ ಒಬ್ಬ ನೇಕಾರ

ಗೆ: ಸನ್ಮಾನ್ಯ ಶ್ರೀ ‘ಉದ್ದೇಶ’ ಕಾಲಂ ಸಾಹೇಬರು, ಅರ್ಜಿ ನಮೂನೆಯ ನಟ್ಟನಡುವೆ

ವಿಷಯ: 20 ಗುಂಟೆ ಹೊಲದಲ್ಲಿ ಮಗ್ಗದ ಶೆಡ್ಡು, ಅದಕ್ಕೆ ಹತ್ತಿಕೊಂಡೇ ಒಂದು ಮನೆ ಕಟ್ಟಿಕೊಳ್ಳುವ ಕುರಿತು.

ಉಲ್ಲೇಖ: ತಮ್ಮ ಮುಂದೆ ನಾನು ಈಗಾಗಲೇ ನಾಲ್ಕು ಸಲ ಕೈಕಟ್ಟಿ ನಿಂತದ್ದು.

ಮಾನ್ಯರೇ,

ಈ ಪತ್ರವನ್ನು ಅಧಿಕಾರಿಗಳಿಗೆ ಬರೆಯದೆ ತಮಗೇ ಬರೆಯುತ್ತಿದ್ದೇನೆ. ಅಧಿಕಾರಿಗಳು ಒಳ್ಳೆಯವರು. ಕೂರಲು ಹೇಳಿದರು, ಒಮ್ಮೆ ಚಹಾ ಕೂಡ ತರಿಸಿದರು. ಆದರೆ ನಾಲ್ಕೂ ಸಲ ಮಾತು ಮುಗಿದದ್ದು ಒಂದೇ ರೀತಿ: “ನಂದೇನಿಲ್ರೀ, ಕಾಲಂ ತೊಗೊಳ್ಳಾಂಗಿಲ್ಲ.” ಕಡೆಗೂ ತಗೊಳ್ಳುವವರು, ಬಿಡುವವರು ತಾವೇ ಎಂದು ತಿಳಿಯಿತು. ಎರಡು ಗೆರೆಗಳ ಸಂದಿಯಲ್ಲಿ ಬದುಕುವ ತಮಗೆ, 20 ಗುಂಟೆ ಇದ್ದೂ ಬದುಕಲು ಸಂದಿ ಸಿಗದವನ ಕಷ್ಟ ಅರ್ಥವಾದೀತೆಂಬ ಆಸೆ.

ಮೊದಲು ನನ್ನ ಮನೆಯ ಸಮಾಚಾರ. ನಮ್ಮಜ್ಜ ಕುಣಿಮಗ್ಗದವನು. ಪಡಸಾಲೆಯ ನೆಲದಲ್ಲೇ ಕುಣಿ ತೋಡಿ, ಅದರೊಳಗೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ. ನೆಲದ ತಂಪಿಗೆ ನೂಲು ಹರಿಯುವುದು ಕಡಿಮೆ. ಬಲಕ್ಕೆ ಕೈಚಾಚಿದರೆ ಲಾಳಿ, ಎಡಕ್ಕೆ ಕೈಚಾಚಿದರೆ ಅಜ್ಜಿ ಇಟ್ಟುಹೋದ ರೊಟ್ಟಿ. ಅಜ್ಜಿ ಒಲೆಯ ಮುಂದೆ ಒಂದಿಷ್ಟು ಹೊತ್ತು, ರಾಟಿಯ ಮುಂದೆ ಕಂಡಿಕೆ ಸುತ್ತುತ್ತ ಒಂದಿಷ್ಟು ಹೊತ್ತು. ನನ್ನ ತೊಟ್ಟಿಲು ತೂಗುಹಾಕಿದ್ದು ಮಗ್ಗದ ಪಕ್ಕದ ತೊಲೆಗೆ. ಅಜ್ಜ, ಅವನ ನಂತರ ಅಪ್ಪ, ಆ ಕುಣಿ ಬಿಟ್ಟು ಏಳಲಿಲ್ಲ. ಕೂತಲ್ಲೇ ಅವರ ಸುತ್ತ ರಾಜ್ಯಗಳು ಬದಲಾದವು. 1948ರಲ್ಲಿ ಜಮಖಂಡಿಯ ಪಟವರ್ಧನರ, ಮುಧೋಳದ ಘೋರ್ಪಡೆಯವರ ಸಂಸ್ಥಾನಗಳು ಮುಂಬೈ ಪ್ರಾಂತ ಸೇರಿದವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂತು, 1973ರಲ್ಲಿ ಕರ್ನಾಟಕವೆನಿಸಿತು, 1997ರಲ್ಲಿ ವಿಜಾಪುರ ಜಿಲ್ಲೆ ಬಿಟ್ಟು ಬಾಗಲಕೋಟೆಗೆ ಬಂತು. ಮುಂಬೈ ಹೋದರೂ ಪಹಣಿಗೆ ‘ಉತಾರ’ ಅನ್ನುವ ಮಾತು ನಮ್ಮ ಬಾಯಲ್ಲಿ ಉಳಿದ ಹಾಗೆ, ಮನೆಯೊಳಗಿನ ಮಗ್ಗವೂ ಉಳಿಯಿತು. ಇಷ್ಟು ಸರ್ಕಾರಗಳಲ್ಲಿ ಒಂದೂ ನಮ್ಮಜ್ಜನನ್ನು ‘ನೀನೀಗ ಮನೆಯಲ್ಲಿದ್ದೀಯೋ ಕೆಲಸದಲ್ಲಿದ್ದೀಯೋ’ ಎಂದು ಕೇಳಿರಲಿಲ್ಲ.

ನನ್ನ ಕಾಲಕ್ಕೆ ಕುಣಿ ಮುಚ್ಚಿ ಪಾವರ್‌ಲೂಮ್ ಬಂದವು. ನಾಲ್ಕು ಮಗ್ಗ. ಅವು ಒಟ್ಟಿಗೆ ಓಡಿದರೆ ಗೋಡೆಯ ಮೇಲಿನ ದೇವರ ಫೋಟೋ ಕೂಡ ಕುಣಿಯುತ್ತದೆ. ಪಕ್ಕದ ಮನೆಯ ಹುಡುಗಿಗೆ ಎಸ್ಸೆಸ್ಸೆಲ್ಸಿ. ಅವಳಪ್ಪ ಜಗಳಕ್ಕೆ ಬರಲಿಲ್ಲ, ಕೈಮುಗಿದ. ಅದು ಜಗಳಕ್ಕಿಂತ ಕೆಟ್ಟದ್ದು. ನ್ಯಾಯ ಅವನ ಕಡೆಗಿತ್ತು. ಸರಿ, ಅಜ್ಜನ ಕಾಲದ 20 ಗುಂಟೆ ಹೊಲ ಊರಾಚೆ ಇದೆ, ಅಲ್ಲಿ ಶೆಡ್ಡು ಹಾಕೋಣ, ಕಟಕಟ ಸದ್ದು ಕಬ್ಬಿಗೆ ಕೇಳಲಿ ಅಂದುಕೊಂಡೆ. ಶೆಡ್ಡಿಗೆ ಹತ್ತಿದಂತೆ ಮನೆಯೂ ಬೇಕು. ಕರೆಂಟು ನಮ್ಮನ್ನು ಕೇಳಿ ಬರುವುದಿಲ್ಲ; ನಡುರಾತ್ರಿ ಬಂದರೆ ನಡುರಾತ್ರಿಯೇ ಎದ್ದು ಮಗ್ಗ ಹಚ್ಚಬೇಕು. ಊರಲ್ಲಿ ಮಲಗಿದವನು ಹೊಲಕ್ಕೆ ಬಂದು ಮುಟ್ಟುವಷ್ಟರಲ್ಲಿ ಕರೆಂಟು ಹೋಗಿರುತ್ತದೆ.

ಇಷ್ಟನ್ನು ತಮ್ಮ ಮುಂದೆ ಇಟ್ಟಾಗ ನಡೆದ ಸಂವಾದ ತಮಗೆ ನೆನಪಿರಬೇಕು.

“ಉದ್ದೇಶ ಏನ್ ಬರಿಲಿ? ವಸತಿಯೋ, ಕೈಗಾರಿಕೆಯೋ?”

“ಎರಡೂ ಹೌದ್ರಿ ಸಾಹೇಬ್ರ.”

“ಎರಡೂ ಇರಾಂಗಿಲ್ಲ. ಕಾಲಂ ಒಂದೈತಿ.”

“ಹಂಗಾರ ವಸತಿ ಅಂತ ಬರೀರಿ.”

“ವಸತಿ ಅಂದ್ರ ಮಗ್ಗ ಕುಂಡ್ರಸಾಂಗಿಲ್ಲ.”

“ಕೈಗಾರಿಕೆ ಅಂತ ಬರೀರಿ.”

“ಕೈಗಾರಿಕೆ ಅಂದ್ರ ನೀವು ಮಲಗಾಂಗಿಲ್ಲ.”

ಮಲಗದೆ ದುಡಿಯುವವನಿಗೆ ಮಾತ್ರ ಶೆಡ್ಡು, ದುಡಿಯದೆ ಮಲಗುವವನಿಗೆ ಮಾತ್ರ ಮನೆ. ಹಾಗೆ ನೋಡಿದರೆ ತಮ್ಮ ತರ್ಕಕ್ಕೆ ಸರಿಹೊಂದುವ ಮನುಷ್ಯರು ಇದ್ದಾರೆ, ಆದರೆ ಅವರು ಬನಹಟ್ಟಿಯಲ್ಲಿ ಇಲ್ಲ.

ಮನೆಗೆ ಬಂದು ತಮ್ಮ ದಾಯಾದಿ ‘ಕಲಂ’ ಅವರನ್ನು ಭೇಟಿಯಾದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ ಕಲಂ 95. ಹೊಲವನ್ನು ಬೇರೆ ಕೆಲಸಕ್ಕೆ ಹಚ್ಚಬೇಕಾದರೆ ಸಾಮಾನ್ಯವಾಗಿ ಅವರ ಅಪ್ಪಣೆ ಬೇಕು. ನಾವು ಅದಕ್ಕೆ ‘ಎನ್‌ಎ ಮಾಡಿಸೋದು’ ಅನ್ನುತ್ತೇವೆ. ಆದರೆ ಅವರು ತಮ್ಮಷ್ಟು ಬಿಗಿಯಲ್ಲ. ಒಕ್ಕಲುತನಕ್ಕೆ ಬೇಕಾದ ಕಟ್ಟಡವಾದರೆ ಹಿಡುವಳಿಯ ಹತ್ತನೇ ಒಂದು ಪಾಲಿನ ಮಿತಿಯಲ್ಲಿ ಎನ್‌ಎ ಇಲ್ಲದೆಯೂ ಕಟ್ಟಿಕೋ ಅನ್ನುತ್ತಾರೆ. ನನ್ನ 20 ಗುಂಟೆಗೆ 2 ಗುಂಟೆ, ಅಂದರೆ 2,178 ಚದರ ಅಡಿ. ನಾಲ್ಕು ಮಗ್ಗ, ಒಂದು ಒಲೆ, ಐದು ಹಾಸಿಗೆಗೆ ಧಾರಾಳ. ಒಂದೇ ತೊಡಕು: ಆ ಶೆಡ್ಡಿನಲ್ಲಿ ಎತ್ತು ಕಟ್ಟಬಹುದು, ಎಮ್ಮೆ ಕಟ್ಟಬಹುದು, ಮಗ್ಗ ಕಟ್ಟುವ ಹಾಗಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಮಗ್ಗವನ್ನೇ ದನವೆಂದು ಬರೆಸಿದರೆ ಹೇಗೆ? ಯೋಚಿಸಿ ನೋಡಿ ಸಾಹೇಬರೇ. ನಾಲ್ಕು ಕಾಲಿವೆ. ಮುಂದಿನಿಂದ ನೂಲು ತಿನ್ನುತ್ತದೆ, ಹಿಂದಿನಿಂದ ಸೀರೆ ಹಾಕುತ್ತದೆ. ಎಣ್ಣೆ ನೀವಿದರೆ ಸುಮ್ಮನಿರುತ್ತದೆ, ಮರೆತರೆ ಒದೆಯುತ್ತದೆ. ಹಬ್ಬಕ್ಕೆ ನಾವು ಅದಕ್ಕೆ ಪೂಜೆಯನ್ನೂ ಮಾಡುತ್ತೇವೆ. ಎರಡು ಕೊಂಬು ಹಚ್ಚಿಸಿ ಪಶುವೈದ್ಯರಿಂದ ಒಂದು ಚೀಟಿ ತಂದರೆ ಒಪ್ಪುವಿರಾ? ಇನ್ನೂ ಒಂದು ಸಂಶಯ. ಹತ್ತಿ ಗಿಡದಲ್ಲಿದ್ದಾಗ ಅದು ಕೃಷಿ. ಅದೇ ಹತ್ತಿ ನೂಲಾಗಿ ಲಾಳಿಯೊಳಗೆ ಕೂತ ಕ್ಷಣ ಕೃಷಿಯೇತರ. ಗಿಡದಿಂದ ಲಾಳಿಗೆ ಬರುವ ಹಾದಿಯಲ್ಲಿ ಅದು ಯಾವ ಮೈಲಿಗಲ್ಲಿನ ಹತ್ತಿರ ಜಾತಿ ಕೆಟ್ಟಿತು? ನಮ್ಮ ಸೀಮೆಯ ಕಬ್ಬಿಗೆ ಮಾತ್ರ ಈ ಮೈಲಿಗೆ ಇಲ್ಲ. ಹೊಲದ ನಡುವೆಯೇ ಬೆಲ್ಲದ ಗಾಣ, ಆಳೆತ್ತರ ಉರಿ, ಕಡಾಯಿ, ಅಲ್ಲೇ ಪಕ್ಕದಲ್ಲಿ ಆಳುಗಳ ಗುಡಿಸಲು. ಮಹಾಲಿಂಗಪುರದ ಪೇಟೆಗೆ ಆ ಬೆಲ್ಲ ಹೋದರೆ ಅದು ರೈತನ ಬೆಲ್ಲ. ಒಳ್ಳೆಯದೇ, ನನಗೆ ಹೊಟ್ಟೆಕಿಚ್ಚಿಲ್ಲ. ಕಬ್ಬು ಹಿಂಡುವವನನ್ನು ನೋಡುವ ಕಣ್ಣಿನಿಂದಲೇ ನೂಲು ಎಳೆಯುವವನನ್ನೂ ನೋಡಿ ಎಂದಷ್ಟೇ ಬೇಡಿಕೆ.

ಪಂಚಾಯತಿಗೆ ಹೋದರೆ ಅಲ್ಲಿಯೂ ತಮ್ಮ ಬಳಗ. 1993ರ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಮನೆ ಕಟ್ಟುವ ಪರವಾನಗಿಗೆ ಪ್ರಕರಣ 64, ಯಂತ್ರ ಕೂರಿಸುವ ಪರವಾನಗಿಗೆ ಪ್ರಕರಣ 66. ಯಂತ್ರದ ಪಕ್ಕದಲ್ಲೇ ಮಲಗುವ ನಾನು ಈ ಎರಡರ ನಡುವೆ ಹಾಸಿಗೆ ಹಾಸಿಕೊಂಡಿದ್ದೇನೆ.

ಕರೆಂಟಿನ ಕಥೆ ಇನ್ನೂ ಚೆಂದ. ಸರ್ಕಾರ ದಯಾಳು, ಅನುಮಾನ ಬೇಡ. 2023ರಿಂದ ಮನೆಗೆ ಗೃಹಜ್ಯೋತಿಯಲ್ಲಿ 200 ಯೂನಿಟ್‌ವರೆಗೆ ಬಿಟ್ಟಿ. 10 ಎಚ್‌ಪಿವರೆಗಿನ ಮಗ್ಗಕ್ಕೆ ತಿಂಗಳಿಗೆ 250 ಯೂನಿಟ್ ಬಿಟ್ಟಿ. ಹೊಲದ ಪಂಪ್‌ಸೆಟ್ಟಿಗೂ 10 ಎಚ್‌ಪಿವರೆಗೆ ಬಿಟ್ಟಿ. ಮೂರೂ ಬಿಟ್ಟಿ, ಆದರೆ ಮೂರು ಮೀಟರು. ನನ್ನ ನಕ್ಷೆಯಲ್ಲಿ ಅಡುಗೆಮನೆಗೂ ಮಗ್ಗಕ್ಕೂ ನಡುವಿನ ಬಾಗಿಲ ಮೇಲೆ ಒಂದೇ ಬಲ್ಬು ಇತ್ತು, ಅರ್ಧ ಬೆಳಕು ಒಲೆಗೆ, ಅರ್ಧ ಬೆಳಕು ಲಾಳಿಗೆ. ಜಾಗ ನೋಡಲು ಬಂದವರು ಆ ಬಲ್ಬು ಯಾವ ಮೀಟರಿನದು ಎಂದು ಕೇಳಿದರು. ನನಗೆ ಉತ್ತರ ತೋಚಲಿಲ್ಲ. ಕಡೆಗೆ ಪರಿಹಾರ ಅವರೇ ಕೊಟ್ಟರು: “ನಡುವ ಗ್ವಾಡಿ ಕಟ್ರಿ. ಬಾಗಲಾ ಬ್ಯಾರೆ, ಮೀಟರ್ ಬ್ಯಾರೆ. ಆವಾಗ ಇದು ಎರಡು ಕಟ್ಟಡ, ಅರ್ಜಿನೂ ಎರಡು.”

ಮನೆಗೆ ಬಂದು ಹೇಳಿದೆ. ಅವ್ವ ಕಂಡಿಕೆ ಸುತ್ತುವುದು ನಿಲ್ಲಿಸಲಿಲ್ಲ. “ಗ್ವಾಡಿ ಕಟ್ಟಿದ್ರ ಹರದ ಎಳಿ ಯಾರ ಹಚ್ಚತಾರೊ?” ಅಂದಳು. ಇದು ತಮಗೆ ತಿಳಿಯಲಿಕ್ಕಿಲ್ಲ, ಬಿಡಿಸಿ ಹೇಳುತ್ತೇನೆ. ಮಗ್ಗ ಓಡುವಾಗ ಎಳೆ ಹರಿದರೆ ಸದ್ದು ಬದಲಾಗುತ್ತದೆ. ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಅದು ಕಿವಿಯಲ್ಲೇ ಗೊತ್ತಾಗುತ್ತದೆ. ಜೋಳದ ಹಿಟ್ಟಿನ ಕೈಯಲ್ಲೇ ಬಂದು ಎಳೆ ಹಚ್ಚಿ, ತವೆಯ ಮೇಲಿನ ರೊಟ್ಟಿ ಸೀಯುವುದರೊಳಗೆ ತಿರುಗಿ ಹೋಗುತ್ತಾಳೆ. ಗೋಡೆ ಎದ್ದರೆ ಅವಳು ವಸತಿಯಿಂದ ಹೊರಬಿದ್ದು, ಅಂಗಳ ಸುತ್ತಿ, ಕೈಗಾರಿಕೆಗೆ ಪ್ರವೇಶಿಸಬೇಕು. ಅಷ್ಟರಲ್ಲಿ ರೊಟ್ಟಿಯೂ ಸೀದಿರುತ್ತದೆ, ಸೀರೆಯೂ ಕೆಟ್ಟಿರುತ್ತದೆ.

ಬೇರೆ ತಾಲ್ಲೂಕಿನ ಬಂಧುಮಿತ್ರರನ್ನೂ ಕೇಳಿದೆ. ಜಮಖಂಡಿಯ ಗೆಳೆಯ ಕಬ್ಬಿನ ಟ್ರೇಲರ್ ಬೆಸೆಯುವವನು. ವರ್ಕ್‌ಶಾಪಿನ ಹಿಂದೆಯೇ ಅವನ ಸಂಸಾರ. ಯಾರಾದರೂ ಬಂದರೆ ಹಾಸಿಗೆ ಸುತ್ತಿ ಟ್ರೇಲರಿನಲ್ಲಿ ಹಾಕುತ್ತಾನಂತೆ. ಮುಧೋಳದ ಕಾಕಾ ಹೇಳಿದ್ದು ಬೇರೆ. 2019ರ ಆಗಸ್ಟಿನಲ್ಲಿ ಘಟಪ್ರಭೆ ಉಕ್ಕಿದಾಗ ನೀರು ಅವನ ಅಡುಗೆಮನೆಗೂ ನುಗ್ಗಿತು, ಕೆಲಸದ ಕೋಣೆಗೂ ನುಗ್ಗಿತು. ಎರಡರಲ್ಲೂ ಒಂದೇ ಮಟ್ಟಕ್ಕೆ ನಿಂತಿತು. “ನಮ್ಮನಿ ಒಂದ ಅಂತ ಒಪ್ಪಿಕೊಂಡದ್ದು ಹೊಳಿ ಒಂದ ನೋಡಪಾ” ಅಂದ.

ಬೀಳಗಿಯ ಬೀಗರಂತೂ ನಗಲೇ ಇಲ್ಲ. ಅವರದು ಮುಳುಗಡೆಯ ಸೀಮೆ. ಅಲ್ಲಿನ ಹೊಲಗಳ ಉದ್ದೇಶವನ್ನು ಯಾರೂ ಕೇಳುವುದಿಲ್ಲ, ಅದು ಮೊದಲೇ ಗೊತ್ತಾದದ್ದು. ಆಲಮಟ್ಟಿ ಅಣೆಕಟ್ಟಿನ ನೀರು ಈಗ 519.60 ಮೀಟರಿಗೆ ನಿಲ್ಲುತ್ತದೆ, 524.256 ಮೀಟರಿಗೆ ಏರಿಸಬಹುದೆಂದು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಹೇಳಿತು. 2025ರ ಸೆಪ್ಟೆಂಬರಿನಲ್ಲಿ ಸರ್ಕಾರ ಪರಿಹಾರದ ದರ ಗೊತ್ತುಮಾಡಿತು: ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಒಣಭೂಮಿಗೆ 30 ಲಕ್ಷ. ನೀರು ಬಂದು ನಿಲ್ಲುವ ದಿನ ಎರಡೂ ಒಂದೇ ಆಗುತ್ತವೆ. ಆದರೂ ಉತಾರದಲ್ಲಿ ಒಣಭೂಮಿ ಎಂದಿದ್ದರೆ ಅದು ನೀರಿನಡಿಗೆ ಹೋಗುವಾಗಲೂ ಒಣಭೂಮಿಯಾಗಿಯೇ ಹೋಗಬೇಕು. ತಮ್ಮ ನಿಷ್ಠೆ ದೊಡ್ಡದು ಸಾಹೇಬರೇ. ಹಿಂದಿನ ಮುಳುಗಡೆಯಲ್ಲಿ ಬೀಗರ ಮನೆ ಹೋದಾಗ ಅಳತೆಗೆ ಬಂದವರು ಗೋಡೆಗೆ ಬೆಲೆ ಕಟ್ಟಿದರು, ಛಾವಣಿಗೆ ಕಟ್ಟಿದರು, ಮಗ್ಗವನ್ನು ಬಿಟ್ಟರು. “ಅದು ಎತ್ತಿಕೊಂಡು ಹೋಗೋ ಸಾಮಾನು.” ಬೀಗರು ಕೇಳಿದರಂತೆ: “ಮಗ್ಗಾ ಎತ್ತತೇನ್ರಿ. ಕುಣಿ ಹ್ಯಾಂಗ ಎತ್ಲಿ?” ಕುಣಿಗೆ ಕಾಲಂ ಇರಲಿಲ್ಲ.

ಬೆಂಗಳೂರಿನಲ್ಲಿರುವ ನನ್ನ ತಂಗಿಯ ಮಗನಿಗೆ ಇದು ಯಾವುದೂ ಅರ್ಥವಾಗುವುದಿಲ್ಲ. ಅವನು 2020ರಿಂದ ಊಟದ ಮೇಜಿನ ಮೇಲೇ ಕಂಪನಿ ನಡೆಸುತ್ತಿದ್ದಾನೆ. ಒಂದು ಕೈಯಲ್ಲಿ ಉಪ್ಪಿಟ್ಟು, ಇನ್ನೊಂದು ಕೈಯಲ್ಲಿ ಅಮೆರಿಕ. ಆ ಮೇಜಿಗೆ ಎನ್‌ಎ ಆಗಿದೆಯೇ ಎಂದು ಯಾರೂ ಬಂದು ನೋಡಿಲ್ಲ. ಅವನದಕ್ಕೆ ವರ್ಕ್ ಫ್ರಮ್ ಹೋಮ್ ಅಂತ ಹೆಸರು. ನಮ್ಮಜ್ಜ ಅದನ್ನೇ ಮಾಡಿದ, ಹೆಸರಿಡಲು ಮರೆತ. ನೇಕಾರರ ಈ ಚಾಳಿ ಬನಹಟ್ಟಿಯದಷ್ಟೇ ಅಲ್ಲ. ಹದಿನೆಂಟನೇ ಶತಮಾನದ ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ರೇಷ್ಮೆ ನೇಯುವವರೂ ಮನೆಯ ಅಟ್ಟದಲ್ಲಿ ದೊಡ್ಡ ಕಿಟಕಿ ಇಟ್ಟು ಮಗ್ಗ ಹೂಡಿದ್ದರು.

ಹಾಗಾದರೆ ಸರ್ಕಾರಕ್ಕೆ ಇದು ತಿಳಿಯದೇ? ಚೆನ್ನಾಗಿ ತಿಳಿದಿತ್ತು! 1980ರ ದಶಕದಲ್ಲಿ ಕೇಂದ್ರ ಸರ್ಕಾರವೇ ಕೈಮಗ್ಗದವರಿಗೆ ಮನೆಯನ್ನೂ ಮಗ್ಗದ ಶೆಡ್ಡನ್ನೂ ಒಂದರಲ್ಲೇ ಕಟ್ಟಿಕೊಡುವ ಯೋಜನೆ ತಂದಿತ್ತು. ಅದರ ಹೆಸರೇ ‘ವರ್ಕ್‌ಶೆಡ್-ಕಮ್-ಹೌಸಿಂಗ್’. ನಡುವೆ ಗೋಡೆ ಇಲ್ಲ, ಎರಡು ಸಣ್ಣ ಅಡ್ಡಗೆರೆ. ದಿಲ್ಲಿಯಲ್ಲಿ ಕೂತು ಯಾರೋ ಒಬ್ಬ ಪುಣ್ಯಾತ್ಮ ನಮ್ಮ ಪಡಸಾಲೆಯನ್ನು ಅಡ್ಡಗೆರೆಯಲ್ಲಿ ಹಿಡಿದಿದ್ದ. ಯೋಜನೆಯ ಕಾಗದದಲ್ಲಿ ಇದ್ದ ಆ ಗೆರೆ ತಮ್ಮ ನಮೂನೆಗೆ ಬರುವಷ್ಟರಲ್ಲಿ ಎಲ್ಲೋ ಎದ್ದು ನಿಂತುಬಿಟ್ಟಿತು. ಅಡ್ಡಗೆರೆ ಎದ್ದು ನಿಂತರೆ ಗೋಡೆ.

ನೇಕಾರನಾಗಿ ಒಂದು ಮಾತು ಹೇಳಲೇ? ತಮ್ಮ ನಮೂನೆಯನ್ನು ನಾನು ಬಹಳ ಹೊತ್ತು ನೋಡಿದ್ದೇನೆ. ಮೇಲಿನಿಂದ ಕೆಳಗಿನವರೆಗೆ ಉದ್ದುದ್ದ ಗೆರೆ, ಒಂದಕ್ಕೊಂದು ತಾಗುವುದಿಲ್ಲ. ನಮ್ಮಲ್ಲಿ ಅದಕ್ಕೆ ಹಾಸು ಅನ್ನುತ್ತಾರೆ. ಹಾಸು ಬೇಕು, ಅದಿಲ್ಲದೆ ಬಟ್ಟೆ ಇಲ್ಲ. ಆದರೆ ಬರೀ ಹಾಸನ್ನು ಯಾರೂ ಉಡುವುದಿಲ್ಲ. ಅಡ್ಡಲಾಗಿ ಒಂದು ಎಳೆ, ಹೊಕ್ಕು, ಈ ಕಡೆಯಿಂದ ಆ ಕಡೆಗೆ ಹೋಗಿ ಬರಬೇಕು. ಅವ್ವ ಹಿಟ್ಟಿನ ಕೈಯಲ್ಲಿ ಒಲೆಯಿಂದ ಮಗ್ಗಕ್ಕೆ ಹೋಗಿ ಬರುತ್ತಾಳಲ್ಲ, ಹಾಗೆ.

ಆದ್ದರಿಂದ ನನ್ನ ಪ್ರಾರ್ಥನೆ ದೊಡ್ಡದಲ್ಲ. ಧನಸಹಾಯ ಕೇಳುತ್ತಿಲ್ಲ, ರಿಯಾಯಿತಿ ಕೇಳುತ್ತಿಲ್ಲ. ಸದ್ದಿಗೆ ನಿಯಮ ಹಾಕಿ, ನೆರೆಯವರ ನಿದ್ದೆ ಕಾಯಲು ಅಂತರ ಹೇಳಿ, ಬೆಂಕಿಗೆ ಮರಳಿನ ಬಕೆಟ್ ಇಡು ಅನ್ನಿ, ಎಲ್ಲದಕ್ಕೂ ಹೂಂ. ‘ವಸತಿ’ ಮತ್ತು ‘ಕೈಗಾರಿಕೆ’ ನಡುವೆ ಒಂದು ಅಡ್ಡಗೆರೆ ದಯಪಾಲಿಸಿ, ಸಾಕು. ಇಂಕು ಕಡಿಮೆ ಬಿದ್ದರೆ ಅದರ ಖರ್ಚೂ ನನ್ನದೇ.

ಇಂತಿ ತಮ್ಮ ವಿಶ್ವಾಸಿ,
ಸದ್ಯ ಎರಡು ಪ್ರಕರಣಗಳ ನಡುವೆ ವಾಸವಾಗಿರುವ ಒಬ್ಬ ನೇಕಾರ

ಅಡಕಗಳು:
1. 20 ಗುಂಟೆಯ ಉತಾರ.
2. ಒಂದು ಬಾಗಿಲು, ಒಂದು ಬಲ್ಬು ಇರುವ ನಕ್ಷೆ.
3. ಹೊಕ್ಕಿನ ನೂಲು, ಒಂದು ಗೇಣು. ತಮ್ಮಲ್ಲಿ ಅಡ್ಡಗೆರೆ ದಾಸ್ತಾನು ಇಲ್ಲದಿದ್ದರೆ ಇದನ್ನೇ ಅಂಟಿಸಿಕೊಳ್ಳುವುದು. ಹಿಟ್ಟು ಹತ್ತಿದ್ದರೆ ಕ್ಷಮಿಸಿ, ಸುತ್ತಿಕೊಟ್ಟದ್ದು ಅವ್ವ.