ಎದ್ದಿದೆ, ಆದರೆ ಎಚ್ಚರವಿಲ್ಲ

ಬೆಂಗಳೂರಿನ ಔಟರ್ ರಿಂಗ್ ರೋಡಿನ ಆ ಕಂಪನಿಯಲ್ಲಿ ಉಳಿತಾಯದ ಗಾಳಿ ಬೀಸಿದಾಗ ಮೊದಲು ತೆಳ್ಳಗಾದದ್ದು ಟಿಶ್ಯೂ ಪೇಪರು. ಆಮೇಲೆ ಕಾಫಿ. ಮೂರನೆಯದಾಗಿ ಯಾರದೋ ಕಣ್ಣು ಕ್ಲೌಡ್ ಬಿಲ್ಲಿನ ಮೇಲೆ ಬಿತ್ತು. ಮುಂಬೈನ ಡೇಟಾ ಸೆಂಟರಿನಲ್ಲಿ ನಮ್ಮ ವರ್ಚುವಲ್ ಮಷೀನುಗಳು ರಾತ್ರಿಯಿಡೀ ಯಾರಿಗಾಗಿ ಓಡುತ್ತಿವೆ? ಪ್ರಶ್ನೆ ನ್ಯಾಯವಾದದ್ದೇ. ಲಿನಕ್ಸ್ ಮಷೀನುಗಳಿಗೆ ಅಮೆಜಾನ್ 2017ರ ಅಕ್ಟೋಬರ್‌ನಿಂದ ಸೆಕೆಂಡಿನ ಲೆಕ್ಕದಲ್ಲೇ ಬಾಡಿಗೆ ಹಿಡಿಯುತ್ತಿದೆ, ನಿಲ್ಲಿಸಿದಷ್ಟೂ ಲಾಭ. ಸರಿ, ರಾತ್ರಿ ಎಂಟಕ್ಕೆ ಎಲ್ಲ ಮಷೀನುಗಳನ್ನೂ ಅಳಿಸಿ, ಬೆಳಿಗ್ಗೆ ಎಂಟಕ್ಕೆ ಹೊಸದಾಗಿ ಹುಟ್ಟಿಸುವ ಆಟೋಮೇಷನ್ ಸಿದ್ಧವಾಯಿತು. ಬರೆದವರಿಗೆ ಟೌನ್‌ಹಾಲ್ ಮೀಟಿಂಗಿನಲ್ಲಿ ಚಪ್ಪಾಳೆ, ಜೊತೆಗೊಂದು ಗಿಫ್ಟ್ ವೋಚರ್.

ಮೊದಲ ದಿನ ಮಷೀನುಗಳು ಎದ್ದದ್ದು ಮಧ್ಯಾಹ್ನ ಒಂದೂವರೆಗೆ. ಶೆಡ್ಯೂಲಿನಲ್ಲಿದ್ದ ಎಂಟು ಗಂಟೆ ಯುಟಿಸಿಯದು. ಅದನ್ನು ಎರಡೂವರೆ ಎಂದು ತಿದ್ದಿದ ಮೇಲೆ ಸರಿಯಾಗಿ ಎಂಟಕ್ಕೆ ಏಳತೊಡಗಿದವು. ಎದ್ದವೇ ಹೊರತು ಕೆಲಸಕ್ಕೆ ಸಿಗಲಿಲ್ಲ. ಮಾರತ್‌ಹಳ್ಳಿ ಬ್ರಿಡ್ಜಿನ ಟ್ರಾಫಿಕ್ ದಾಟಿ ಬಂದ ನೌಕರ ಲಾಗಿನ್ ಆಗಿ, ಕಾಫಿ ಕುಡಿದು, ಆ ಕಾಫಿಯನ್ನು ಬೈದು ಮುಗಿಸಿದರೂ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇತ್ತು.

ಕನ್ಸೋಲಿನಲ್ಲಿ ನೋಡಿದರೆ ಎಲ್ಲವೂ ಹಸಿರು, ಎಲ್ಲವೂ ‘ರನ್ನಿಂಗ್’. ಹಾಗೆಂದರೆ ಬಾಡಿಗೆ ಮೀಟರ್ ಶುರುವಾಗಿದೆ, ಅಷ್ಟೆ. ಹಾಜರಿ ಪುಸ್ತಕದಲ್ಲಿ ಸಹಿ ಬಿದ್ದಿದೆ, ಕುರ್ಚಿಯ ಬೆನ್ನಿಗೆ ಕೋಟು ನೇತಾಡುತ್ತಿದೆ, ಸಾಹೇಬರು ಮಾತ್ರ ಕ್ಯಾಂಟೀನಿನಲ್ಲಿದ್ದಾರೆ.

ಮೊದಲ ವಾರ ಕನ್ಸೋಲಿನಲ್ಲಿ ಇದಕ್ಕಿಂತ ವಿಚಿತ್ರವಾದ ನಾಟಕ ನಡೆಯಿತು. ಆಟೋ ಸ್ಕೇಲಿಂಗ್ ಎಂಬ ಮೇಲ್ವಿಚಾರಕ ಹೊಸ ಮಷೀನಿಗೆ ಸುಧಾರಿಸಿಕೊಳ್ಳಲು 300 ಸೆಕೆಂಡುಗಳ ‘ಗ್ರೇಸ್ ಪೀರಿಯಡ್’ ಕೊಟ್ಟಿದ್ದ. ನಮ್ಮ ಅಪ್ಲಿಕೇಶನ್ ಕಣ್ಣು ಬಿಡಲು ಏಳು ನಿಮಿಷ ಬೇಕು. ಐದು ನಿಮಿಷ ತುಂಬಿದೊಡನೆ ಮೇಲ್ವಿಚಾರಕ ಬಂದು ನೋಡುತ್ತಾನೆ, ಉತ್ತರವಿಲ್ಲ, ಕಾಯಿಲೆ ಎಂದು ಬರೆದು ಮುಗಿಸಿಬಿಡುತ್ತಾನೆ. ಅದರ ಜಾಗಕ್ಕೆ ಇನ್ನೊಂದನ್ನು ಹುಟ್ಟಿಸುತ್ತಾನೆ. ಅದಕ್ಕೂ ಏಳು ನಿಮಿಷ ಬೇಕು, ಅದಕ್ಕೂ ಐದೇ ನಿಮಿಷ ಆಯುಸ್ಸು. ಮಷೀನಿನ ಜೊತೆಗೆ ಅದರೊಳಗಿನ ಲಾಗುಗಳೂ ಹೋಗುವುದರಿಂದ ಮಹಜರಿಗೆ ಹೆಣವೂ ಸಿಗುವುದಿಲ್ಲ. ಒಂದು ಬೆಳಿಗ್ಗೆ ಹೀಗೆ ಎಷ್ಟು ತಲೆಮಾರು ಆಗಿಹೋದವೋ. ಪ್ರತಿಯೊಂದಕ್ಕೂ ಬಾಡಿಗೆ ಮಾತ್ರ ಚಾಚೂ ತಪ್ಪದೆ ಬಿತ್ತು.

ಪರಿಹಾರ ಬೇಗ ಸಿಕ್ಕಿತು. ಗ್ರೇಸ್ ಪೀರಿಯಡ್ 900 ಸೆಕೆಂಡುಗಳಿಗೆ ಏರಿತು. ಮಷೀನು ಒಂದು ಸೆಕೆಂಡೂ ಚುರುಕಾಗಲಿಲ್ಲ, ನಿರೀಕ್ಷೆ ನಿಧಾನವಾಯಿತು. ‘ಸಾಕಷ್ಟು ಗ್ರೇಸ್ ಇರಲಿಲ್ಲ’ ಎಂದು ಆರ್‌ಸಿಎ, ಅಂದರೆ ಮೂಲಕಾರಣದ ವರದಿ, ಬರೆದು ಟಿಕೆಟ್ ಮುಚ್ಚಿದರು.

ಅಷ್ಟರಲ್ಲಿ ಇನ್ನೊಂದು ಸತ್ಯ ಹೊರಬಿತ್ತು. ಮಷೀನುಗಳನ್ನು ಎಬ್ಬಿಸುವ ಲ್ಯಾಂಬ್ಡಾ ಸ್ಕ್ರಿಪ್ಟು ಗುಂಪುಗಳನ್ನು ಒಟ್ಟಿಗೆ ಎಬ್ಬಿಸುತ್ತಿರಲಿಲ್ಲ. ಹೆಸರಿನ ಅಕ್ಷರಾನುಕ್ರಮದಲ್ಲಿ ಒಂದನ್ನು ಎಬ್ಬಿಸಿ, ಅದು ಪೂರ್ತಿ ಎಚ್ಚರವಾಗುವವರೆಗೆ ಪಕ್ಕದಲ್ಲೇ ನಿಂತು, ಆಮೇಲೆ ಮುಂದಿನದರ ಬಾಗಿಲು ತಟ್ಟುತ್ತಿತ್ತು. ಲ್ಯಾಂಬ್ಡಾಗೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಆಯುಸ್ಸಿಲ್ಲ. ಗುಂಪಿಗೆ ಏಳು ನಿಮಿಷದಂತೆ ಎರಡನ್ನು ಎಬ್ಬಿಸಿ ತಾನು ಸಾಯುತ್ತಿತ್ತು. ಮುಂದಿನ ಸರದಿ ಬಂದಾಗ ಇನ್ನೆರಡು. ಎಲ್ಲಕ್ಕೂ ಒಟ್ಟಿಗೆ ಆಜ್ಞೆ ಕೊಟ್ಟು, ಯಾವುದು ಎದ್ದಿತು ಎಂದು ಆಮೇಲೆ ವಿಚಾರಿಸಿದ್ದರೆ ಮುಗಿಯುತ್ತಿತ್ತು. ಅದಕ್ಕೆ ಸ್ಕ್ರಿಪ್ಟು ತಿದ್ದಬೇಕು, ತಿದ್ದಲು ಅನುಮೋದನೆ ಬೇಕು, ಅನುಮೋದನೆಯ ಸಭೆ ಗುರುವಾರ. ಟೆಸ್ಟಿಂಗ್ ತಂಡದವರು ಗುರುವಾರದವರೆಗೆ ಕಾಯುವ ಜನವಲ್ಲ. ತಮ್ಮ ಗುಂಪಿನ ಹೆಸರನ್ನೇ ‘ಎ-ಟೆಸ್ಟಿಂಗ್’ ಎಂದು ಬದಲಿಸಿಕೊಂಡರು. ಮರುದಿನ ‘ಎಎ-ಪೇಮೆಂಟ್ಸ್’ ಹುಟ್ಟಿತು. ವಾರ ಮುಗಿಯುವುದರೊಳಗೆ ‘ಎಎಎ-ರಿಪೋರ್ಟ್ಸ್’, ಅದರ ತಲೆಯ ಮೇಲೆ ‘000-ಅರ್ಜೆಂಟ್’. ಗುರುವಾರದ ಸಭೆ ಸ್ಕ್ರಿಪ್ಟನ್ನು ಬಿಟ್ಟು ನಾಮಕರಣ ನೀತಿಯನ್ನು ಚರ್ಚಿಸಿ ಎದ್ದಿತು.

ಸಮಸ್ಯೆ ಮೇಲಿನವರ ಕಿವಿಗೆ ಬಿದ್ದಾಗ ಬ್ರಿಡ್ಜ್ ಕಾಲ್ ಕರೆದರು. ಇಪ್ಪತ್ತೆಂಟು ಜನ ಸೇರಿದರು, ಇಪ್ಪತ್ತಾರು ಜನ ಮ್ಯೂಟಿನಲ್ಲಿ. ನೆಟ್‌ವರ್ಕ್ ತಂಡ “ನಮ್ಮ ಕಡೆಯಿಂದ ಎಲ್ಲಾ ಕ್ಲಿಯರ್” ಎಂದಿತು. ಸೆಕ್ಯುರಿಟಿ ತಂಡ ಕೇಳುವುದಕ್ಕೂ ಮೊದಲೇ “ನಮ್ಮ ಏಜೆಂಟ್ ತೆಗೆಯೋ ಹಾಗಿಲ್ಲ” ಎಂದಿತು. ಸ್ಟೋರೇಜ್ ತಂಡದವನೊಬ್ಬ ನಿಜವಾಗಿ ಉಪಯೋಗದ ಮಾತಾಡಿದ: ಸ್ನ್ಯಾಪ್‌ಶಾಟಿನಿಂದ ಮಾಡಿದ ಡಿಸ್ಕು ಕ್ಷಣದಲ್ಲಿ ‘ಸಿದ್ಧ’ ಎಂದು ಕಂಡರೂ ಒಳಗಿನ ದತ್ತಾಂಶ ಎಸ್-3 ಗೋದಾಮಿನಲ್ಲೇ ಇರುತ್ತದೆ, ಕೇಳಿದ ತುಣುಕು ಕೇಳಿದಾಗ ಅಲ್ಲಿಂದ ಬರಬೇಕು, ಹಾಗಾಗಿ ಮೊದಲ ಓದು ನಿಧಾನ. ಇದಕ್ಕೆ 2019ರಿಂದ ‘ಫಾಸ್ಟ್ ಸ್ನ್ಯಾಪ್‌ಶಾಟ್ ರಿಸ್ಟೋರ್’ ಎಂಬ ಸೌಲಭ್ಯವಿದೆ, ಗಂಟೆಯ ಲೆಕ್ಕದಲ್ಲಿ ಬೇರೆ ದುಡ್ಡು. ದುಡ್ಡು ಎಂಬ ಶಬ್ದ ಕೇಳಿದೊಡನೆ ಫೈನಾನ್ಸಿನವರು ಅನ್‌ಮ್ಯೂಟ್ ಆದರು. ಅವನು ಮ್ಯೂಟ್ ಆದ.

ಕೆಲಸಕ್ಕೆ ಸೇರಿ ಮೂರು ತಿಂಗಳಾಗಿದ್ದ ಹುಡುಗಿಯೊಬ್ಬಳು ಕೇಳಿದಳು: “ಸರ್, ಒಂದ್ಸಲ ಮಷೀನ್ ಒಳಗೆ ಹೋಗಿ ಲಾಗ್ ನೋಡೋಣ್ವಾ?”

“ನೋಡೋಣಮ್ಮ. ಮೊದಲು ಈ ಕಾಲ್ ಮುಗೀಲಿ.”

ಕಾಲ್ ಮುಗಿಯುವುದನ್ನು ಕಾಯದೆ ಅವಳು ನೋಡಿದಳು. ‘ಸಿಸ್ಟಮ್‌ಡಿ-ಅನಲೈಜ್’ ಎಂದು ಟೈಪ್ ಮಾಡಿದರೆ ಬೂಟ್ ಆಗುವಾಗ ಯಾವುದು ಎಷ್ಟು ಹೊತ್ತು ತಿಂದಿತೆಂಬ ಲೆಕ್ಕ ಸಿಗುತ್ತದೆ. ಕರ್ನಲ್ ಎದ್ದು ನಿಂತದ್ದು ಕೆಲವೇ ಸೆಕೆಂಡುಗಳಲ್ಲಿ. ಇದು ಸೋಜಿಗವೇನಲ್ಲ, ಅಮೆಜಾನ್ 2018ರಲ್ಲಿ ಹೊರಬಿಟ್ಟ ಫೈರ್‌ಕ್ರ್ಯಾಕರ್ ಎಂಬ ಕಿರು ಮಷೀನು ಸೆಕೆಂಡಿನ ಎಂಟನೇ ಒಂದು ಭಾಗದಲ್ಲಿ, ಅಂದರೆ 125 ಮಿಲಿಸೆಕೆಂಡಿನಲ್ಲಿ ಆ ಹಂತ ಮುಟ್ಟುತ್ತದೆ. ಉಳಿದ ಏಳು ನಿಮಿಷ ನಾವೇ ಹೇರಿದ ಮೂಟೆ. ಮಷೀನಿನ ಎರಡನೆಯ ನೆಟ್‌ವರ್ಕ್ ಕಾರ್ಡಿಗೆ ವಿಳಾಸ ಕೊಡುವವರು ಯಾರೂ ಇಲ್ಲ. ಆದರೂ ಅದು ಸಿಕ್ಕೀತೆಂದು ವ್ಯವಸ್ಥೆ 120 ಸೆಕೆಂಡು, ತನ್ನ ನಿಯಮದಂತೆ, ಕಾದು ಕೂರುತ್ತಿತ್ತು. ಆಮೇಲೆ ಕ್ಲೌಡ್-ಇನಿಟ್ ನಮ್ಮ ಯೂಸರ್ ಡೇಟಾ ಸ್ಕ್ರಿಪ್ಟನ್ನು ಕೈಗೆತ್ತಿಕೊಳ್ಳುತ್ತದೆ. ಆ ಸ್ಕ್ರಿಪ್ಟು 16 ಕೆಬಿ ಮೀರುವಂತಿಲ್ಲ. ನಮ್ಮದು ಮೀರಿತ್ತು, ಹಾಗಾಗಿ ಇನ್ನೊಂದು ಸ್ಕ್ರಿಪ್ಟನ್ನು ಇಳಿಸಿಕೊಳ್ಳಲು ಸ್ಕ್ರಿಪ್ಟು. ಅದು ದಿನಾ ಬೆಳಿಗ್ಗೆ ಇಡೀ ಆಪರೇಟಿಂಗ್ ಸಿಸ್ಟಮನ್ನು ಅಪ್‌ಗ್ರೇಡ್ ಮಾಡಿ, ನಿಧಾನವನ್ನು ಅಳೆಯುವ ಏಜೆಂಟನ್ನೂ, ಆ ಏಜೆಂಟಿನ ಮೇಲೆ ಕಣ್ಣಿಡುವ ಇನ್ನೊಂದು ಏಜೆಂಟನ್ನೂ ಹಾಕುತ್ತಿತ್ತು.

ಲಾಗು ಸರಸರ ಓಡುತ್ತ ಬಂದು ಒಂದೆಡೆ ತಟಸ್ಥವಾಯಿತು. ಎರರ್ ಇಲ್ಲ, ವಾರ್ನಿಂಗ್ ಇಲ್ಲ. ಮೂರು ನಿಮಿಷದ ಮೇಲೆ, ಏನೂ ಆಗಿಲ್ಲವೆಂಬಂತೆ, ಮತ್ತೆ ಓಡಿತು. ಅವಳು ಸ್ಕ್ರಿಪ್ಟಿನಲ್ಲಿ ಆ ಜಾಗಕ್ಕೆ ಹೋದಳು. ಸಾಲು ಹೀಗಿತ್ತು: ‘ಸ್ಲೀಪ್ 180’. ಪಕ್ಕದಲ್ಲಿ ಕಾಮೆಂಟು: ‘ತಾತ್ಕಾಲಿಕ. ದಯವಿಟ್ಟು ತೆಗೆಯಬೇಡಿ.’ ಬರೆದವರು ಕಂಪನಿ ಬಿಟ್ಟು ಎಷ್ಟೋ ಕಾಲವಾಗಿತ್ತು. ಯಾವ ಮಹಾಕಾರ್ಯಕ್ಕಾಗಿ ಮೂರು ನಿಮಿಷ ಮಲಗಬೇಕೆಂದು ಯಾರಿಗೂ ಗೊತ್ತಿಲ್ಲ. ತೆಗೆದರೆ ಏನಾಗುತ್ತದೆಂದೂ ಗೊತ್ತಿಲ್ಲ. ಏನಾದರೂ ಆದರೆ ತೆಗೆದವರ ತಲೆಗೆ ಬರುತ್ತದೆ ಎಂಬುದು ಮಾತ್ರ ಎಲ್ಲರಿಗೂ ಗೊತ್ತು.

ಆದ್ದರಿಂದ ಆ ಸಾಲನ್ನು ಮುಟ್ಟದೆ ದೊಡ್ಡ ಮಷೀನು ತರಿಸಿದರು. ಎರಡು ಕೋರಿನ ಜಾಗಕ್ಕೆ ಹದಿನಾರು ಕೋರು, ಬಾಡಿಗೆ ಎಂಟು ಪಟ್ಟು. ಮರುದಿನ ಬೆಳಿಗ್ಗೆ ಹದಿನಾರು ಕೋರುಗಳೂ ಸೇರಿ ಮೂರು ನಿಮಿಷ ಮಲಗಿದವು.

ಚುರುಕುತನವೇ ಅಪಾಯವೆಂದು ನಂಬುವವರಿಗೆ ಲಿನಕ್ಸ್ ಲೋಕದಲ್ಲಿ ಪುರಾವೆಯೂ ಉಂಟು, ನ್ಯಾಯಕ್ಕಾಗಿ ಅದನ್ನೂ ಹೇಳುತ್ತೇನೆ. 2019ರಲ್ಲಿ ಎಕ್ಸ್‌ಟಿ-4 ಫೈಲ್ ಸಿಸ್ಟಮಿಗೆ ಒಂದು ಸುಧಾರಣೆ ಬಂತು: ಡಿಸ್ಕಿಗೆ ಮೊದಲಿಗಿಂತ ಕಡಿಮೆ ಓಡಾಟ. ಆದರೆ ಗುಪ್ತ ಕೀಲಿಗಳಿಗೆ ಬೇಕಾಗುವ ಯಾದೃಚ್ಛಿಕತೆಯನ್ನು ಕರ್ನಲ್ ಹೆಕ್ಕಿಕೊಳ್ಳುತ್ತಿದ್ದುದು ಇಂಥ ಓಡಾಟದಿಂದಲೂ ಹೌದು. ಓಡಾಟ ಕಡಿಮೆಯಾಗಿ ಒಂದು ಲ್ಯಾಪ್‌ಟಾಪಿನ ಬೂಟ್ ಅರ್ಧಕ್ಕೇ ನಿಂತಿತು. ಲಿನಸ್ ಟೊರ್ವಾಲ್ಡ್ಸ್ ಆ ಸುಧಾರಣೆಯನ್ನೇ ಹಿಂತೆಗೆದರು. ಮುಂದಿನ ಆವೃತ್ತಿಯಲ್ಲಿ ಮೂಲ ತೊಡಕನ್ನೇ ಬಗೆಹರಿಸಿ ಅದನ್ನು ವಾಪಸು ತಂದರು. ನಮ್ಮ ಕಂಪನಿ ಈ ಕಥೆಯ ಮೊದಲರ್ಧವನ್ನಷ್ಟೇ ಪ್ರೆಸೆಂಟೇಷನ್ನಿಗೆ ಹಾಕಿಕೊಂಡಿತು.

ಬೇಕಾದದ್ದನ್ನೆಲ್ಲ ಮೊದಲೇ ತುಂಬಿ ‘ಗೋಲ್ಡನ್ ಇಮೇಜ್’ ಮಾಡಿಟ್ಟರೆ ಬೆಳಗಿನ ಅಡುಗೆಯೇ ಇರುವುದಿಲ್ಲ ಎಂದು ಆ ಹುಡುಗಿ ಬರೆದು ಕೊಟ್ಟಳು. ಮಾಡಿದರು ಕೂಡ. ಆದರೆ ಇಮೇಜ್ ಯಾವ ತಂಡದ್ದು ಎಂಬುದು ಇತ್ಯರ್ಥವಾಗಲಿಲ್ಲ, ಅದು ಹಳೆಯದಾಯಿತು, ಹಳೆಯ ಇಮೇಜಿಗೆ ಪ್ಯಾಚ್ ಇಲ್ಲವೆಂದು ಆಡಿಟ್ ತಕರಾರು ಬಂತು, ಪ್ರತಿ ಬೂಟಿಗೂ ಪೂರ್ತಿ ಅಪ್‌ಗ್ರೇಡ್ ಆಗಲೇಬೇಕೆಂದು ಸುತ್ತೋಲೆ ಹೊರಟಿತು. ಮತ್ತೆ ಏಳು ನಿಮಿಷ.

ಈಗ ಆ ಕಂಪನಿಯಲ್ಲಿ ಎಲ್ಲ ಸುಸೂತ್ರ. ಆಟೋಮೇಷನ್ನಿನಲ್ಲಿ ಒಂದು ವಿನಾಯಿತಿ ಇತ್ತು: ‘ನಿಲ್ಲಿಸಬೇಡಿ’ ಎಂಬ ಟ್ಯಾಗ್ ಇರುವ ಗುಂಪನ್ನು ಅದು ಮುಟ್ಟುವುದಿಲ್ಲ. ವೈಸ್ ಪ್ರೆಸಿಡೆಂಟರ ಡೆಮೊ ಮಷೀನಿಗೆಂದು ಇಟ್ಟಿದ್ದ ಟ್ಯಾಗನ್ನು ಮೊದಲು ಪೇಮೆಂಟ್ಸಿನವರು ಅಂಟಿಸಿಕೊಂಡರು, ಆಮೇಲೆ ಟೆಸ್ಟಿಂಗ್, ಆಮೇಲೆ ಉಳಿದವರು. ರಾತ್ರಿ ಎಂಟಕ್ಕೆ ಲ್ಯಾಂಬ್ಡಾ ಬರುತ್ತದೆ, ಎಲ್ಲ ಗುಂಪುಗಳ ಟ್ಯಾಗ್ ಓದುತ್ತದೆ, ಒಂದನ್ನೂ ಮುಟ್ಟದೆ ಹೋಗುತ್ತದೆ. ಬೆಳಿಗ್ಗೆ ಎಂಟಕ್ಕೆ ಎಬ್ಬಿಸುವುದಕ್ಕೂ ಯಾರೂ ಇಲ್ಲ. ಕಳೆದ ತ್ರೈಮಾಸಿಕ ವರದಿಯಲ್ಲಿ ಮಷೀನುಗಳ ಸರಾಸರಿ ಸ್ಟಾರ್ಟಪ್ ಸಮಯ 0 ಸೆಕೆಂಡು, ಆಟೋಮೇಷನ್ ಯಶಸ್ಸು ಶೇ 100 ಎಂದು ದಾಖಲಾಗಿದೆ. ವೋಚರ್ ಪಡೆದವರಿಗೆ ಪ್ರಮೋಷನ್ ಆಗಿದೆ. ಹೈದರಾಬಾದ್ ಆಫೀಸಿಗೂ ಇದನ್ನೇ ಅಳವಡಿಸಲು ಅವರು ಮುಂದಿನ ಸೋಮವಾರ ಹೊರಡುತ್ತಿದ್ದಾರೆ.