‘ಡೀಎಲ್’ ಕುಲನಾಮ ಮೀಮಾಂಸೆ

ಪೀಠಿಕೆ: ಸ್ಕಾಟ್ಲೆಂಡಿನ ಈ ಅಪರೂಪದ ಮನೆತನದ ಹೆಸರನ್ನು ಬರೆಯಲು ಡಿ, ಎ, ಎಲ್, ಜೆಡ್, ಐ, ಇ, ಎಲ್ ಎಂದು ಏಳು ಅಕ್ಷರ ಬೇಕು. ಓದುವಾಗ ಬರೀ ‘ಡೀಎಲ್’. ಮಿಕ್ಕ ಅಕ್ಷರಗಳು ಸಂಬಳದ ದಿನ ಮಾತ್ರ ಹಾಜರಿ ಹಾಕುವ ನೌಕರರಂತೆ ಸುಮ್ಮನೆ ಕೂತಿರುತ್ತವೆ. ಇದರ ಕಾರಣ ಶೋಧಿಸುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಪೂರ್ವಪಕ್ಷ: ಐತಿಹ್ಯವಾದಿಗಳ ಪ್ರಕಾರ, ಹತ್ತನೆಯ ಶತಮಾನದ ದೊರೆ ಎರಡನೆಯ ಕೆನೆತ್‌ನ ನೆಂಟನೊಬ್ಬನನ್ನು ಶತ್ರುಗಳು ಗಲ್ಲಿಗೇರಿಸಿದರು. ಹೆಣ ಇಳಿಸಿ ತಂದವನಿಗೆ ಬಹುಮಾನವೆಂದು ದೊರೆ ಸಾರಿದ. ಎಲ್ಲರೂ ನೆಲ ನೋಡುತ್ತಿರಲು ಒಬ್ಬ ಮುಂದೆ ಬಂದು ‘ಡಾಲ್ ಜೆಲ್’, ಅರ್ಥಾತ್ ‘ನನಗೆ ಧೈರ್ಯವಿದೆ’, ಎಂದನಂತೆ. ಸಾಕ್ಷಿ ಬೇಕೆ? ಮನೆತನದ ಲಾಂಛನದಲ್ಲಿ ಒಬ್ಬ ಬತ್ತಲೆ ಮನುಷ್ಯನಿದ್ದಾನೆ. ಹಿಂದೆ ಅವನ ಜೊತೆ ಗಲ್ಲುಗಂಬವೂ ಇತ್ತು. ಕಾಲಕ್ರಮೇಣ ಕಂಬ ಹೋಯಿತು, ಮನುಷ್ಯ ಉಳಿದ. ಸಾಹಸಿಯನ್ನು ಬಿಟ್ಟು ಹೆಣವನ್ನೇ ಚಿತ್ರಿಸಿದ್ದೇಕೆ? ಕಲಾವಿದನ ಮುಂದೆ ಬಟ್ಟೆ ಬಿಚ್ಚಿ ನಿಲ್ಲುವಷ್ಟು ಧೈರ್ಯ ಸಾಹಸಿಗಿರಲಿಲ್ಲವೆಂದೇ ಊಹಿಸಬೇಕು.

ಉತ್ತರಪಕ್ಷ: ಭೂಗೋಳವಾದಿಗಳು ಅರಸಿಕರು. ಲಾನರ್ಕ್‌ಷೈರ್‌ನ ಮದರ್‌ವೆಲ್ ಬಳಿ ಇದೇ ಹೆಸರಿನ ಜಹಗೀರಿತ್ತು, ಮನೆತನದ ಹೆಸರು ಅಲ್ಲಿಂದಲೇ ಬಂತು, ಗೇಲಿಕ್‌ನಲ್ಲಿ ಅದಕ್ಕೆ ‘ಬಿಳಿ ಬಯಲು’ ಎಂದರ್ಥ ಎನ್ನುತ್ತಾರೆ. 1296ರಲ್ಲಿ ಇಂಗ್ಲೆಂಡಿನ ಒಂದನೆಯ ಎಡ್ವರ್ಡ್‌ಗೆ ತಲೆಬಾಗಿದವರ ಪಟ್ಟಿಯಲ್ಲಿ ಈ ಹೆಸರಿನ ಥಾಮಸ್ ಒಬ್ಬನಿದ್ದಾನೆ. ‘ನನಗೆ ಧೈರ್ಯವಿದೆ’ ಎಂಬುದನ್ನೇ ಧ್ಯೇಯವಾಕ್ಯ ಮಾಡಿಕೊಂಡ ಕುಲಕ್ಕೆ ಸಿಗುವ ಹಳೆಯ ದಾಖಲೆಗಳಲ್ಲೊಂದು ಶರಣಾಗತಿ ಪತ್ರ! ಈ ಸಂಗತಿಯನ್ನು ಅಡಿಟಿಪ್ಪಣಿಗೆ ತಳ್ಳಬಹುದಿತ್ತು. ಆದರೆ ಇಲ್ಲಿ ಅಡಿಟಿಪ್ಪಣಿಗಳಿಲ್ಲ.

ಲಿಪಿವಿಚಾರ: ಹಳೆಯ ಸ್ಕಾಟ್ಸ್ ಬರಹದಲ್ಲಿ ‘ಯೋಖ್’ ಎಂಬ ಅಕ್ಷರವಿತ್ತು. ರೂಪದಲ್ಲಿ ಇಂಗ್ಲಿಷ್ ಅಂಕಿ 3ರ ಬಂಧು, ಉಚ್ಚಾರದಲ್ಲಿ ಹೆಚ್ಚುಕಡಿಮೆ ಯಕಾರ. ಅಚ್ಚುಕೂಟದಲ್ಲಿ ಅದರ ಮೊಳೆ ಇರಲಿಲ್ಲ. ನೋಡಲು ಹತ್ತಿರವಿದೆಯೆಂದು ಮುದ್ರಕರು ಜೆಡ್ ಜೋಡಿಸಿದರು. ನಮ್ಮ ೞಕಾರ ತನ್ನ ಜಾಗವನ್ನು ಮರ್ಯಾದೆಯಿಂದ ಳಕಾರಕ್ಕೆ ಬಿಟ್ಟುಹೋಯಿತು; ಯೋಖ್ ಹೋದ ಜಾಗಕ್ಕೆ ಬಂದದ್ದು ಬಾಯಿಲ್ಲದ ಬಾಡಿಗೆದಾರ. ಬೇಸತ್ತ ಒಂದು ಶಾಖೆಯವರು ಜೆಡ್ ಕಿತ್ತು ವೈ ಹಾಕಿಕೊಂಡರು. ಅದನ್ನೂ ‘ಡೀಎಲ್’ ಎಂದೇ ಓದಬೇಕು.

ಭೌತಿಕ ಪುರಾವೆ: ಆ ಶಾಖೆಯ ಜನರಲ್ ಟಾಮ್ (1615–1685) ಲಂಡನ್ ಟವರ್ ಸೆರೆಯಿಂದ ತಪ್ಪಿಸಿಕೊಂಡು ರಷ್ಯಾದ ಸೈನ್ಯ ಸೇರಿದವನು. 1649ರಲ್ಲಿ ದೊರೆ ಒಂದನೆಯ ಚಾರ್ಲ್ಸ್‌ನ ತಲೆ ಹೋದದ್ದಕ್ಕೆ ಗಡ್ಡ ಬೋಳಿಸುವುದನ್ನೇ ಬಿಟ್ಟನಂತೆ. ಸೈತಾನನೊಡನೆ ಇಸ್ಪೀಟಾಡಿ ಗೆದ್ದನೆಂದೂ, ಸಿಟ್ಟಿಗೆದ್ದ ಸೈತಾನ ಮೇಜನ್ನೇ ಎಸೆದನೆಂದೂ, ಅದು ಮನೆ ಮುಂದಿನ ಕೊಳಕ್ಕೆ ಬಿತ್ತೆಂದೂ ಪ್ರತೀತಿ. ಗೊರಸಿನ ಗುರುತಿನ ಆ ಮೇಜು ಅವನ ಮನೆಯಾದ ಬಿನ್ಸ್ ಮಹಲಿನಲ್ಲಿದೆ. ನಮ್ಮ ಅಭಿಪ್ರಾಯದಲ್ಲಿ ಸೈತಾನ ಸಿಟ್ಟಾದದ್ದು ಸೋತದ್ದಕ್ಕಲ್ಲ. ಎದುರಾಳಿಯ ಹೆಸರು ಬರೆದುಕೊಂಡು, ಓದಲಾರದೆ.

ನಿರ್ಣಯ: ಹೀಗಾಗಿ ಆ ಧ್ಯೇಯವಾಕ್ಯ ಹೆಣ ಇಳಿಸಿದವನದಲ್ಲ, ಹಾಜರಿ ಪುಸ್ತಕ ಹಿಡಿದು ಈ ಹೆಸರನ್ನು ಮೊದಲ ಸಲ ಕೂಗಿದ ಯಾವನೋ ಮೇಷ್ಟರದು. ಸ್ಕಾಟ್ಲೆಂಡಿಗೆ ಹೋಗುವ ಓದುಗರು ಜೆಡ್ಡನ್ನು ನುಂಗಿಕೊಂಡೇ ಮಾತಾಡತಕ್ಕದ್ದು.